ಸೋಡಿಯಂ ನಾಲೆಗಳ ತಡೆ ಮತ್ತು ಮೆದುಳು

ನರಕೋಶದ ಪೊರೆಯಲ್ಲಿರುವ ಸೋಡಿಯಂ ನಾಲೆಗಳು ತೆರೆದಾಗ ಸೋಡಿಯಂ ಅಯಾನುಗಳು ಒಳನುಗ್ಗಿ ವಿದ್ಯುತ್ ಸ್ಪಂದನ ಹುಟ್ಟುತ್ತದೆ. ಈ ಕ್ರಿಯೆಯನ್ನು ಹಾಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಗಣಿತದ ಮೂಲಕ ನಿರೂಪಿಸಿದರು. ಸ್ಪಂದನದ ಬೆನ್ನಲ್ಲೇ ನಾಲೆಯು ಕೆಲವು ಮಿಲಿಸೆಕೆಂಡುಗಳ ಕಾಲ ನಿಷ್ಕ್ರಿಯವಾಗಿದ್ದು, ಅನಂತರ ಮತ್ತೆ ತೆರೆಯಲು ಅಣಿಯಾಗುತ್ತದೆ.

ಅಪಸ್ಮಾರದ ಸೆಳವಿನಲ್ಲಿ ನರಕೋಶಗಳ ಸಮೂಹವೊಂದು ಎಡೆಬಿಡದೆ ಸ್ಪಂದಿಸುತ್ತದೆ. 1938ರಲ್ಲಿ ಮೆರಿಟ್ ಮತ್ತು ಪುಟ್ನಮ್ ಅವರು ಬಳಕೆಗೆ ತಂದ ಫೆನಿಟಾಯಿನ್ ಹಾಗೂ ಅನಂತರ ಬಂದ ಕಾರ್ಬಮಜೆಪೀನ್ ಮುಖ್ಯವಾಗಿ ನಿಷ್ಕ್ರಿಯ ಸ್ಥಿತಿಯ ನಾಲೆಗೆ ಅಂಟಿಕೊಂಡು ಅದರ ಚೇತರಿಕೆಯನ್ನು ನಿಧಾನಗೊಳಿಸುತ್ತವೆ. ಆದುದರಿಂದ ಅತಿವೇಗದ ಸ್ಪಂದನಗಳಿಗೆ ಹೆಚ್ಚು ತಡೆಯುಂಟಾಗಿ, ಸಹಜ ಸಂವಹನವು ಬಹುಮಟ್ಟಿಗೆ ಉಳಿಯುತ್ತದೆ. ಔಷಧದ ಪ್ರಮಾಣ ಮೀರಿದಾಗ ತಲೆಸುತ್ತು, ನೋಟ ಇಬ್ಬಗೆಯಾಗುವುದು, ನಡಿಗೆಯ ಓಲಾಟ ಕಾಣಿಸಿಕೊಳ್ಳುತ್ತವೆ.

ಆದರೆ ಈ ಚಿಕಿತ್ಸೆ ಎಲ್ಲ ಅಪಸ್ಮಾರಕ್ಕೂ ಒಗ್ಗದು. ಶಾರ್ಲೊಟ್ ದ್ರಾವೆ 1978ರಲ್ಲಿ ವಿವರಿಸಿದ, ಶೈಶವದಲ್ಲೇ ತಲೆದೋರುವ ಅಪಸ್ಮಾರದಲ್ಲಿ ಬಹುತೇಕ ಎಸ್‌ಸಿಎನ್1ಎ ಎಂಬ ಜೀನಿನ ದೋಷವಿರುತ್ತದೆ. ಆ ಜೀನು ರೂಪಿಸುವ ಸೋಡಿಯಂ ನಾಲೆಯನ್ನು ಹೆಚ್ಚಾಗಿ ಅವಲಂಬಿಸಿರುವುದು, ಇತರ ಕೋಶಗಳನ್ನು ಹತೋಟಿಯಲ್ಲಿಡುವ ಪ್ರತಿಬಂಧಕ ನರಕೋಶಗಳು. ಮೊದಲೇ ಕುಂದಿದ ಹತೋಟಿಯನ್ನು ಔಷಧವು ಮತ್ತಷ್ಟು ಕುಗ್ಗಿಸುವುದರಿಂದ ಸೆಳವು ಉಲ್ಬಣಿಸಬಹುದು. ಎಂತಲೇ ಔಷಧದ ಆಯ್ಕೆಗೆ ಮುನ್ನ ಅಪಸ್ಮಾರದ ಬಗೆಯನ್ನು ಗುರುತಿಸುವುದು ಅತ್ಯಗತ್ಯವೆನಿಸುತ್ತದೆ.