ಉತಾರದಲ್ಲಿ ಇಲ್ಲದ ಹೆಸರು

ವಿಜಯಪುರ ಜಿಲ್ಲೆಯ ಕೊಲ್ಹಾರ ಎಂದೊಡನೆ ನೆನಪಾಗುವುದು ಮಣ್ಣಿನ ಗಡಿಗೆಯ ಗಟ್ಟಿ ಮೊಸರು. ಕೃಷ್ಣೆಯ ದಂಡೆಯ ಈ ಊರಿಗೆ ಇನ್ನೊಂದು ಗುರುತೂ ಉಂಟು. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿ, ಜನ ಹೊಸ ಕೊಲ್ಹಾರ ಕಟ್ಟಿಕೊಂಡರು. ಮುಳುಗಡೆಯ ಸಂಕಟ ಮನೆಮಂದಿಗೆಲ್ಲ ಒಂದೇ. ಪರಿಹಾರದ ಹಣ ಮಾತ್ರ ಹಾಗಲ್ಲ.

ಭೂಸ್ವಾಧೀನದ ಪರಿಹಾರ ಉತಾರದಲ್ಲಿರುವ ಹೆಸರನ್ನು ಹಿಂಬಾಲಿಸುತ್ತದೆ. ಅಲ್ಲಿರುವುದು ಸಾಮಾನ್ಯವಾಗಿ ತಂದೆಯ ಹೆಸರು, ಅವನ ನಂತರ ಗಂಡುಮಕ್ಕಳದು. ಹೊಲದಲ್ಲಿ ಕಳೆ ತೆಗೆದು, ಎಮ್ಮೆ ಹಿಂಡಿ, ಹಾಲಿಗೆ ಹೆಪ್ಪು ಹಾಕುವ ಹೆಂಗಸಿನ ದುಡಿಮೆಗೆ ದಾಖಲೆಯಿಲ್ಲ. ನದಿದಂಡೆಯ ಮೇವು ಮುಳುಗಿದರೆ ಅವಳ ಹೈನೂ ಹೋಯಿತು. ಆದರೆ ಅಳತೆಗೆ ಸಿಗುವುದು ಎಕರೆ, ಗುಂಟೆ ಮಾತ್ರ.

ಪುನರ್ವಸತಿಯಲ್ಲಿ 'ಕುಟುಂಬ' ಎಂದರೆ ಯಾರು ಎಂಬುದೂ ಮುಖ್ಯ. 1979ರ ನರ್ಮದಾ ನ್ಯಾಯಮಂಡಳಿಯ ತೀರ್ಪು ವಯಸ್ಕನಾದ ಪ್ರತಿಯೊಬ್ಬ ಮಗನನ್ನು ಪ್ರತ್ಯೇಕ ಕುಟುಂಬವೆಂದು ಎಣಿಸಿತು. ವಯಸ್ಕ ಮಗಳಿಗೆ ಆ ಮಾತು ಹೇಳಲಿಲ್ಲ. ಈ ತಾರತಮ್ಯವನ್ನು ತಿದ್ದಿದ್ದು 2013ರ ಭೂಸ್ವಾಧೀನ ಕಾಯ್ದೆ. ಅದರಂತೆ ಗಂಡಾಗಲಿ ಹೆಣ್ಣಾಗಲಿ, ವಯಸ್ಕರು ಪ್ರತ್ಯೇಕ ಕುಟುಂಬ. ವಿಧವೆಯರು, ವಿಚ್ಛೇದಿತೆಯರು, ಮನೆಯವರು ಕೈಬಿಟ್ಟ ಹೆಂಗಸರು ಕೂಡ ಹಾಗೆಯೇ.

ಪಿತ್ರಾರ್ಜಿತದ ಕಾನೂನು ಇನ್ನೂ ಮೊದಲೇ ಬದಲಾಗಿತ್ತು. ಹಿಂದೂ ಅವಿಭಕ್ತ ಕುಟುಂಬದ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಆ ಹಕ್ಕಿರಲಿಲ್ಲ. 2005ರ ಕೇಂದ್ರ ತಿದ್ದುಪಡಿ ಆ ತಡೆಯನ್ನು ತೆಗೆಯಿತು. 2005ರಲ್ಲಿ ತಂದೆ ಬದುಕಿರದಿದ್ದರೂ ಮಗಳ ಪಾಲು ಉಳಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಪಾಲಾದ ಆಸ್ತಿಗೆ ಮಾತ್ರ ಇದು ಅನ್ವಯಿಸದು.

ಹೀಗಿದ್ದೂ ಪಾಲು ಕೇಳುವವರು ಕಡಿಮೆ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆ. ಪಂಚಮಿಗೆ ಕರೆಯುವ ಅಣ್ಣ, ಬಾಣಂತನಕ್ಕೆ ಆಸರೆಯಾಗುವ ಅವ್ವ, ಗಂಡನ ಮನೆಯಲ್ಲಿ ಕಷ್ಟ ಬಂದರೆ ಹಿಂತಿರುಗಲು ಒಂದು ಜಾಗ: ಇವುಗಳ ಬೆಲೆಯಾಗಿ ಎಷ್ಟೋ ಅಕ್ಕತಂಗಿಯರು ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಮದುವೆಗೆ ಮಾಡಿದ ಖರ್ಚೇ ಅವಳ ಪಾಲು ಎಂಬ ಮಾತೂ ಇದೆ. ಅಣ್ಣನ ಮದುವೆಯ ಖರ್ಚನ್ನು ಅವನ ಪಾಲಿನಲ್ಲಿ ಕಳೆಯುವವರು ಯಾರೂ ಇಲ್ಲ.

ಇದು ಮುಗಿದ ಕಥೆಯಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿಂದ ಸುಮಾರು 75 ಸಾವಿರ ಎಕರೆ ಮುಳುಗಲಿದೆ. ಎಕರೆಗೆ ನೀರಾವರಿ ಜಮೀನಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರವೆಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿರ್ಧರಿಸಿತು. ಭೂಮಿಯಾದರೆ ಮುಂದೊಂದು ದಿನವಾದರೂ ಪಾಲು ಕೇಳಬಹುದು. ಹಣವಾಗಿ ಒಬ್ಬರ ಖಾತೆ ಸೇರಿ ಖರ್ಚಾದ ಮೇಲೆ ಕೇಳುವುದಾದರೂ ಏನನ್ನು? ವಾರಸಾ ದಾಖಲಿಸುವಾಗ ಹೆಣ್ಣುಮಕ್ಕಳ ಹೆಸರನ್ನೂ ಬರೆಸುವ ಕೆಲಸ ನೀರು ಏರುವ ಮೊದಲೇ ಆಗಬೇಕು.