ಕಜ್ಜಿ ಒಂದು ಕಾಯಿಲೆ, ನಾಯಿಯ ಜಾತಿಯಲ್ಲ

ಯಾರನ್ನಾದರೂ ಬೈಯಬೇಕಾದರೆ ‘ಕಜ್ಜಿ ನಾಯಿ’ ಎನ್ನುತ್ತೇವೆ. ಕಳೆದ ಮಳೆಗಾಲದಲ್ಲಿ ನಿಜವಾದ ಕಜ್ಜಿ ನಾಯಿಯೊಂದು ನಮ್ಮ ಹಿತ್ತಲಿನ ಸೌದೆ ಶೆಡ್ಡಿಗೆ ಬಂದು ಮಲಗಿತು. ಕಿವಿಯ ಅಂಚು, ಕಾಲಿನ ಗಂಟು, ಹೊಟ್ಟೆಯ ಮೇಲೆ ಕೂದಲೇ ಇರಲಿಲ್ಲ. ರಾತ್ರಿಯಿಡೀ ಕೆರೆದುಕೊಳ್ಳುತ್ತಿತ್ತು.

ಅಮ್ಮಿ, “ಮನೆಯೊಳಗೆ ಮಾತ್ರ ಬೇಡ” ಎಂದರು. ಆದರೆ ಬಾವಿಗಿಳಿದು, ಪಾದರಕ್ಷೆಯಲ್ಲಿ ನೀರು ತುಂಬಿ ತಂದು ಬಾಯಾರಿದ ನಾಯಿಗೆ ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದ ಹದೀಸನ್ನು ನನಗೆ ಚಿಕ್ಕಂದಿನಲ್ಲಿ ಹೇಳಿದವರೂ ಅವರೇ. ಹಳೆಯ ಮಡಕೆಯಲ್ಲಿ ನೀರಿಟ್ಟವರೂ ಅವರೇ.

ನಾನು ಮಾತ್ರ ತಪ್ಪು ಮಾಡಿದೆ. ಯಾರೋ ಹೇಳಿದರೆಂದು ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಬೆನ್ನಿಗೆ ಹಚ್ಚಿದೆ. ನಾಯಿ ಅದನ್ನು ನೆಕ್ಕಿ ವಾಂತಿ ಮಾಡಿಕೊಂಡಿತು. ಹೆದರಿ ಅಬ್ಬಾ ಜೊತೆ ಆಟೋದಲ್ಲಿ ಪಶು ಆಸ್ಪತ್ರೆಗೆ ಕರೆದೊಯ್ದೆ.

ಆಯಿಲ್ ನಾಯಿಗೆ ವಿಷ ಎಂದು ವೈದ್ಯರು ಮೊದಲು ಗದರಿದರು. ನಂತರ ಬ್ಲೇಡಿನಿಂದ ಚರ್ಮವನ್ನು ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೂದಲು ಉದುರಲು ಕಾರಣ ಹಲವು. ಸಾರ್ಕೊಪ್ಟಿಸ್ ಎಂಬ ನುಸಿ ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುತ್ತದೆ. ವಿಪರೀತ ತುರಿಕೆ, ಬೇರೆ ನಾಯಿಗಳಿಗೂ ಬೇಗ ಹರಡುತ್ತದೆ. ಡೆಮೊಡೆಕ್ಸ್ ನುಸಿ ಕೂದಲಿನ ಬುಡದಲ್ಲಿರುತ್ತದೆ; ರೋಗನಿರೋಧಕ ಶಕ್ತಿ ಕುಗ್ಗಿದಾಗ ಹೆಚ್ಚುತ್ತದೆ, ಮನುಷ್ಯರಿಗೆ ಅಂಟುವುದಿಲ್ಲ. ಶಿಲೀಂಧ್ರದಿಂದ ಬರುವ ಹುಳುಕಡ್ಡಿ ನಮಗೂ ಅಂಟುತ್ತದೆ. ಹೊರಗಿನಿಂದ ಎಲ್ಲವೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ ಪರೀಕ್ಷೆ ಬೇಕು.

ನಮ್ಮ ನಾಯಿಗಿದ್ದದ್ದು ಸಾರ್ಕೊಪ್ಟಿಸ್. ನನ್ನ ಮಣಿಕಟ್ಟಿನ ಕೆಂಪು ಗುಳ್ಳೆಗಳಿಗೂ ಅದೇ ಕಾರಣ. ನಾಯಿಯ ನುಸಿ ನಮ್ಮ ಚರ್ಮದಲ್ಲಿ ಹೆಚ್ಚು ದಿನ ಬದುಕದು. ಆದರೂ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು, ಅದು ಮಲಗಿದ ಗೋಣಿಚೀಲ ಸುಡಬೇಕು ಅಥವಾ ಬಿಸಿನೀರಿನಲ್ಲಿ ಒಗೆಯಬೇಕು.

ತೂಕ ನೋಡಿ ಔಷಧಿ ಕೊಟ್ಟರು. ದನದ ಇಂಜೆಕ್ಷನ್ ತಂದು ನಾವೇ ಚುಚ್ಚಿದರೆ ಪ್ರಮಾಣ ತಪ್ಪಿ ನಾಯಿ ಸಾಯಬಹುದು ಎಂದು ಎಚ್ಚರಿಸಿದರು. ಕೆಲವು ದಿನಗಳಲ್ಲಿ ತುರಿಕೆ ತಗ್ಗಿತು. ಅನೇಕರು ಇಲ್ಲಿಗೇ ಔಷಧಿ ನಿಲ್ಲಿಸುತ್ತಾರೆ. ಉಳಿದ ಮೊಟ್ಟೆಗಳೊಡೆದು ಕಜ್ಜಿ ಮರಳಿ ಬರುತ್ತದೆ. ಆದ್ದರಿಂದ ವೈದ್ಯರು ಹೇಳಿದ ತಾರೀಕನ್ನು ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದೆ ಬರೆದಿಟ್ಟು ಮೂರು ಸಲ ಹೋದೆವು. ಅನ್ನದ ಜೊತೆ ಬೇಯಿಸಿದ ಮೊಟ್ಟೆ ಕೊಟ್ಟೆವು. ಎರಡು ತಿಂಗಳಲ್ಲಿ ಕಂದು ಕೂದಲು ಬಂತು. ಅದು ಕಂದು ನಾಯಿ ಎಂದು ನಮಗೆ ಗೊತ್ತಾದದ್ದೇ ಆಗ.

ಇಂತಹ ನಾಯಿ ಕಂಡರೆ ಕಲ್ಲು ಎತ್ತಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ. ಮೊದಲು ನೀರಿಡಿ, ನಂತರ ಪಶುವೈದ್ಯರಿಗೆ ತಿಳಿಸಿ. ಆಯಿಲ್ ಮಾತ್ರ ಹಚ್ಚಬೇಡಿ.