ಮನೆ, ದುಡಿಮೆ ಮತ್ತು ಮನಸ್ಸು

ಮನುಷ್ಯನು ದುಡಿಯುವ ಸ್ಥಳವೂ ಬಾಳುವ ಮನೆಯೂ ಬೇರೆಬೇರೆ. ಆದರೆ ಎರಡೂ ಕಡೆ ಇರುವ ಮನಸ್ಸು ಒಂದೇ. ಹೊಲದಿಂದ ಹಿಂದಿರುಗಿದವನು ಕಾಲಿನ ಕೆಸರನ್ನು ಅಂಗಳದಲ್ಲಿ ತೊಳೆದು ಒಳಗೆ ಬರುತ್ತಾನೆ. ದಿನದ ಬೇಸರವನ್ನು ಹಾಗೆ ತೊಳೆದುಕೊಳ್ಳಲು ಬಾರದು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳಲ್ಲಿ ಗಂಡಹೆಂಡಿರಿಬ್ಬರೂ ದುಡಿಯುವುದು ಹೊಸದಲ್ಲ. ಚನ್ನಗಿರಿಯ ಅಡಕೆ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ಗಂಡಸರು ಗೊನೆ ಇಳಿಸಿದರೆ, ಹೆಂಗಸರು ಕಾಯಿ ಸುಲಿಯುತ್ತಾರೆ. ಹೊನ್ನಾಳಿಯ ಗದ್ದೆಗಳಲ್ಲಿ ನಾಟಿ ಹಾಕುವ ಸಾಲು ಹೆಂಗಸರದು. ಹೆಚ್ಚಾಗಿ ಮಳೆಯನ್ನೇ ನಂಬಿದ ಜಗಳೂರಿನಲ್ಲಿ ಇಬ್ಬರೂ ಮೋಡದ ಕಡೆ ನೋಡುತ್ತಾರೆ. ಈಗ ಇವರೊಡನೆ ಶಾಲೆ, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವ ದಂಪತಿಗಳೂ ಸೇರಿದ್ದಾರೆ.

ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಗಂಡನು ನ್ಯಾಮತಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ; ಹೆಂಡತಿ ಹೊನ್ನಾಳಿಯಲ್ಲಿ ಉಪಾಧ್ಯಾಯಿನಿ. ಲೆಕ್ಕ ತಪ್ಪಿ ಮಾಲೀಕನಿಂದ ಬೈಸಿಕೊಂಡ ದಿನ ಅವನು ಸಾರಿಗೆ ಉಪ್ಪು ಸಾಲದೆಂದು ಸಿಡುಕುತ್ತಾನೆ. ಇದು ಒಬ್ಬನ ಮನಸ್ಸು ದುಡಿಮೆಯಿಂದ ಮನೆಗೆ ಹರಿದುದು. ಮರುದಿನ ಆಕೆ ಕಾರಣವಿಲ್ಲದೆ ಮಕ್ಕಳನ್ನು ಗದರುತ್ತಾಳೆ. ಇದು ಒಬ್ಬರ ಮನಸ್ಸು ಇನ್ನೊಬ್ಬರಿಗೆ ದಾಟಿದುದು. ‘ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ’ ಎಂಬ ಗಾದೆ ಇದನ್ನೇ ಹೇಳುತ್ತದೆ. ಮಾಲೀಕನ ಮುಖವನ್ನೇ ಕಾಣದ ಮಕ್ಕಳಿಗೆ ಅವನ ಕೋಪ ತಲುಪಿತು!

‘ಗಂಡಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಇನ್ನೊಂದು ಗಾದೆಯುಂಟು. ಅದು ಸದಾ ನಿಜವಲ್ಲ. ಅಮೆರಿಕದಲ್ಲಿ ನಿಯಾಲ್ ಬೋಲ್ಜರ್ ಮತ್ತು ಸಂಗಡಿಗರು 166 ದಂಪತಿಗಳಿಂದ 42 ದಿನ ದಿನಚರಿ ಬರೆಯಿಸಿ, 1989ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದುಡಿಮೆಯ ಒತ್ತಡವು ಗಂಡಹೆಂಡಿರಿಬ್ಬರಲ್ಲೂ ಮನೆಗೆ ಬರುವುದೆಂದೂ, ಮನೆಯ ಒತ್ತಡವನ್ನು ಕೆಲಸದ ಸ್ಥಳಕ್ಕೆ ಒಯ್ಯುವುದು ಗಂಡಂದಿರಲ್ಲಿ ಹೆಚ್ಚೆಂದೂ ಅದರಿಂದ ತಿಳಿದುಬಂತು. ಅದೇ ವರ್ಷ ರೀನಾ ರೆಪೆಟಿ ಎಂಬ ವಿದ್ವಾಂಸೆಯು ವಿಮಾನಗಳ ಸಂಚಾರವನ್ನು ನಿಯಂತ್ರಿಸುವ ನೌಕರರನ್ನು ಕುರಿತು ಬರೆದರು. ಕೆಲಸದ ಹೊರೆ ಹೆಚ್ಚಾದ ದಿನ ಅವರು ಮನೆಯಲ್ಲಿ ಮೌನವಾಗಿ ದೂರ ಉಳಿಯುತ್ತಿದ್ದರು. ಅಂಥ ಮೌನವು ಎಲ್ಲ ವೇಳೆಯೂ ಕೋಪವಲ್ಲ, ಆಯಾಸವೂ ಆಗಿರಬಹುದು.

ಆಯಾಸವನ್ನು ಕೋಪವೆಂದು ತಿಳಿದಲ್ಲಿ ಜಗಳ ಹುಟ್ಟುತ್ತದೆ. ಆದುದರಿಂದ “ಇಂದು ನನಗೆ ಬಹಳ ದಣಿವಾಗಿದೆ” ಎಂದು ಬಾಯಿಬಿಟ್ಟು ಹೇಳುವುದು ಲೇಸು. ಆದರೆ ಮಾತೊಂದೇ ಸಾಲದು. ದುಡಿದು ಬಂದ ಗಂಡನಿಗೆ ಜಗಲಿಯ ವಿಶ್ರಾಂತಿ, ದುಡಿದು ಬಂದ ಹೆಂಡತಿಗೆ ಒಲೆಯ ಕೆಲಸ ಎಂಬಂತಿದ್ದರೆ ಆಕೆಯ ದಣಿವು ಇಳಿಯುವ ಬಗೆ ಹೇಗೆ? ನೀರು ತರುವುದು, ಪಾತ್ರೆ ತೊಳೆಯುವುದು, ಮಕ್ಕಳ ಪಾಠ ನೋಡುವುದು ಇಬ್ಬರ ಪಾಲಿಗೂ ಬರಬೇಕು.

ಬೇಸರದಂತೆ ಸಂತೋಷವೂ ಹರಿಯುತ್ತದೆ, ದಾಟುತ್ತದೆ. ಬೆಳಿಗ್ಗೆ ಮನೆಯಲ್ಲಿ ಕೇಳಿದ ಒಂದು ಒಳ್ಳೆಯ ಮಾತು ಗದ್ದೆಗೂ ಶಾಲೆಗೂ ಜೊತೆಯಾಗಿ ಹೋಗಬಲ್ಲದು.